ನಟ್ಟು ಬಿಚ್ಚಿಕೊಂಡರೆ ಮುಂದೇನು? ಹಗುರ ವಿಮಾನದ ಬೋಲ್ಟು, ಸ್ಕ್ರೂ, ರಿವೆಟ್‌ಗಳ ಕುರಿತು

ಮೇಜಿನ ಮೇಲೆ ಎರಡು ಬೋಲ್ಟುಗಳಿವೆ. ಎರಡೂ ಉಕ್ಕಿನವು, ಎರಡೂ ಕಾಲು ಇಂಚು ದಪ್ಪದವು. ಒಂದರ ತಲೆಯ ಮೇಲೆ ಆರು ಗೆರೆಗಳಿವೆ. ಅದು ವಾಹನಗಳಿಗೆ ಬಳಸುವ ಗ್ರೇಡ್ 8 ಬೋಲ್ಟು. ಇನ್ನೊಂದರ ತಲೆಯ ಮೇಲೆ ಗುಣಾಕಾರದ ಗುರುತಿನಂಥ ಕತ್ತರಿ ಗೆರೆ ಇದೆ. ಅದು ಎಎನ್4, ವಿಮಾನದ ಬೋಲ್ಟು. ಎಳೆತಕ್ಕೆ ಗ್ರೇಡ್ 8 ಪ್ರತಿ ಚದರ ಇಂಚಿಗೆ 1,50,000 ಪೌಂಡ್ ತಡೆಯುತ್ತದೆ. ಎಎನ್ ಬೋಲ್ಟು ತಡೆಯುವುದು 1,25,000. ಹಾಗಾದರೆ ಹೆಚ್ಚು ಬಲದ್ದನ್ನು ಬಿಟ್ಟು ಕಡಿಮೆ ಬಲದ್ದನ್ನು ರೆಕ್ಕೆಯ ಬುಡಕ್ಕೆ ಏಕೆ ಹಾಕಬೇಕು?

ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದರೆ ಉತ್ತರ ಸಿಗುತ್ತದೆ. ಗಾಡಿಯ ಬೋಲ್ಟಿನಲ್ಲಿ ಥ್ರೆಡ್ ಬಹಳ ಮೇಲಿನವರೆಗೆ ಹತ್ತಿದೆ. ಎಎನ್ ಬೋಲ್ಟಿನಲ್ಲಿ ಥ್ರೆಡ್ ಇರುವುದು ತುದಿಯಲ್ಲಿ, ನಟ್ಟು ಮತ್ತು ವಾಷರ್ ಕೂರುವಷ್ಟು ಮಾತ್ರ. ಉಳಿದದ್ದೆಲ್ಲ ನುಣುಪಾದ ಮೈ. ವಿಮಾನದ ಕೀಲುಗಳಲ್ಲಿ ಬೋಲ್ಟಿನ ಮೇಲೆ ಬೀಳುವ ಹೊರೆ ಹೆಚ್ಚಾಗಿ ಅಡ್ಡಲಾಗಿ ಕತ್ತರಿಸುವ ಬಗೆಯದು. ಆ ಹೊರೆಯನ್ನು ಹೊರಬೇಕಾದದ್ದು ನುಣುಪು ಮೈ. ತೂತಿನೊಳಗೆ ಥ್ರೆಡ್ ಬಂದರೆ ಮೂರು ತೊಂದರೆಗಳು ಒಟ್ಟಿಗೆ ಬರುತ್ತವೆ: ಕತ್ತರಿಸುವ ಜಾಗದಲ್ಲಿ ದಪ್ಪ ಕಡಿಮೆಯಾಗುತ್ತದೆ, ಥ್ರೆಡ್ಡಿನ ಪ್ರತಿ ಬುಡದಲ್ಲೂ ಬಿರುಕು ಶುರುವಾಗಲು ಒಂದು ಗೀರು ಸಿದ್ಧವಿರುತ್ತದೆ, ಜೊತೆಗೆ ಥ್ರೆಡ್ಡಿನ ಚೂಪು ಅಂಚುಗಳು ಅಲ್ಯೂಮಿನಿಯಂ ತೂತನ್ನು ಅರದಂತೆ ಉಜ್ಜಿ ಅಗಲ ಮಾಡುತ್ತವೆ. ಇನ್ನೊಂದು ಕಾರಣ ಲೋಹದ ಗುಣ. ಎಎನ್ ಬೋಲ್ಟು ಮುರಿಯುವ ಮುನ್ನ ಬಾಗುತ್ತದೆ. ಗಡಸು ಹೆಚ್ಚಾದಂತೆ ಆ ಬಾಗುವ ಗುಣ ಕಡಿಮೆಯಾಗುತ್ತದೆ.

ಹಾಗಾಗಿ ಬೋಲ್ಟನ್ನು ಆರಿಸುವಾಗ 'ಎಷ್ಟು ಗಟ್ಟಿ' ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು 'ನುಣುಪು ಮೈ ಎಲ್ಲಿಗೆ ಮುಗಿಯುತ್ತದೆ' ಎಂದು. ಅದರ ಬೆನ್ನಿಗೇ ಬರುವುದು ಶೀರ್ಷಿಕೆಯ ಪ್ರಶ್ನೆ: ಈ ನಟ್ಟು ಬಿಚ್ಚಿಕೊಂಡರೆ ಮುಂದೇನಾಗುತ್ತದೆ? ವಿಮಾನದ ಒಂದೊಂದು ಕೀಲಿನ ಮುಂದೆಯೂ ಈ ಪ್ರಶ್ನೆ ಕೇಳಿಕೊಂಡರೆ ಯಾವ ನಟ್ಟು, ಯಾವ ದಿಕ್ಕು, ಯಾವ ಲಾಕು ಎಂಬುದು ತಾನಾಗಿ ಹೊಳೆಯುತ್ತದೆ.

ನಂಬರು ಓದುವುದು

ಎಎನ್ ಎಂಬುದು ಅಮೆರಿಕದ ಭೂಸೇನೆ ಮತ್ತು ನೌಕಾಪಡೆಗಳು ಸೇರಿ ಮಾಡಿಕೊಂಡ ಹಳೆಯ ಮಾನಕ. ಮುಂದೆ ಎಮ್‌ಎಸ್, ಎನ್‌ಎಎಸ್ ಎಂಬ ಮಾನಕಗಳು ಬಂದವು. ಒಂದೇ ವಸ್ತುವಿಗೆ ಹಳೆಯ ಹೆಸರೂ ಹೊಸ ಹೆಸರೂ ಇರುವುದು ಸಾಮಾನ್ಯ. ಹಗುರ ವಿಮಾನ ಕಟ್ಟುವವರ ಬಾಯಲ್ಲಿ ಇಂದಿಗೂ ಓಡಾಡುವುದು ಎಎನ್ ನಂಬರುಗಳೇ.

ಎಎನ್3-5ಎ ಎಂಬುದನ್ನು ಬಿಡಿಸೋಣ. 3 ಎಂದರೆ ದಪ್ಪ, ಇಂಚಿನ ಹದಿನಾರನೇ ಭಾಗಗಳಲ್ಲಿ: 3/16 ಇಂಚು. ಎಎನ್4 ಎಂದರೆ 1/4, ಎಎನ್5 ಎಂದರೆ 5/16, ಎಎನ್6 ಎಂದರೆ 3/8. ಅಡ್ಡಗೆರೆಯ ನಂತರದ 5 ಉದ್ದ, ಇಂಚಿನ ಎಂಟನೇ ಭಾಗಗಳಲ್ಲಿ: ಸುಮಾರು 5/8. ಇಲ್ಲಿ ಹೊಸಬರು ಎಡವುವುದು 7ರ ನಂತರ. 8, 9 ಎಂಬ ಉದ್ದಗಳೇ ಇಲ್ಲ; 7 ಆದಮೇಲೆ 10. ಏಕೆಂದರೆ ಮೊದಲ ಅಂಕಿ ಪೂರ್ತಿ ಇಂಚು, ಎರಡನೆಯದು ಎಂಟನೇ ಭಾಗ. 10 ಎಂದರೆ ಒಂದು ಇಂಚು, 11 ಎಂದರೆ ಒಂದು ಇಂಚಿನ ಮೇಲೆ 1/8, 24 ಎಂದರೆ ಎರಡೂವರೆ ಇಂಚು. ಕೊನೆಯ 'ಎ' ಇದ್ದರೆ ಥ್ರೆಡ್ಡಿನ ತುದಿಯಲ್ಲಿ ಕಾಟರ್ ಪಿನ್ನಿಗೆ (ನಟ್ಟು ತಿರುಗದಂತೆ ಅಡ್ಡ ಹಾಯಿಸುವ ಎರಡು ಕಾಲಿನ ಕಡ್ಡಿ) ತೂತಿಲ್ಲ ಎಂದರ್ಥ. 'ಎ' ಇಲ್ಲದಿದ್ದರೆ ತೂತಿದೆ. ನಡುವೆ 'ಎಚ್' ಬಂದರೆ ತಲೆಯಲ್ಲಿ ಸೇಫ್ಟಿ ವೈರಿಗೆ (ಬೋಲ್ಟು ಬಿಚ್ಚಿಕೊಳ್ಳದಂತೆ ಕಟ್ಟುವ ತಂತಿ) ತೂತು ಕೊರೆದಿರುತ್ತಾರೆ.

ತಲೆಯ ಗುರುತನ್ನೂ ನೋಡುವ ಅಭ್ಯಾಸ ಬೇಕು. ಕತ್ತರಿ ಗುರುತು ಮಾಮೂಲು ಎಎನ್ ಉಕ್ಕು. ಒಂದೇ ಗೆರೆ ಇದ್ದರೆ ಸ್ಟೇನ್‌ಲೆಸ್. ಎರಡು ಗೆರೆ ಇದ್ದರೆ ಅಲ್ಯೂಮಿನಿಯಂ. ತ್ರಿಕೋನ ಇದ್ದರೆ ಮೈಯನ್ನು ಬಿಗಿ ಅಳತೆಗೆ ಉಜ್ಜಿದ ಬೋಲ್ಟು. ಅದನ್ನು ರೀಮರ್ (ತೂತನ್ನು ನಿಖರ ಅಳತೆಗೆ ಕೆರೆಯುವ ಉಪಕರಣ) ಹಾಕಿದ ತೂತಿಗೇ ಕೂರಿಸಬೇಕು. ಗುರುತೇ ಇಲ್ಲದ ಬೋಲ್ಟನ್ನು ವಿಮಾನದ ಹತ್ತಿರ ತರಲೇಬಾರದು.

ಯುರೋಪಿನ ಕೆಲವು ವಿಮಾನಗಳು ಮಿಲಿಮೀಟರ್ ಬೋಲ್ಟುಗಳ ಮೇಲೆ ನಿಂತಿವೆ. ಅಲ್ಲಿ 8.8 ಎಂಬ ಗುರುತಿನ ಮೊದಲ 8 ಎಂದರೆ ಎಳೆತದ ಬಲ 800 ಮೆಗಾಪ್ಯಾಸ್ಕಲ್. ಎರಡನೆಯ 8 ಎಂದರೆ ಅದರ ಶೇ. 80ರಷ್ಟು ಹೊರೆಯಲ್ಲಿ ಬೋಲ್ಟು ಶಾಶ್ವತವಾಗಿ ಹಿಗ್ಗಲು ಶುರುವಾಗುತ್ತದೆ. ಎಎನ್ ಬೋಲ್ಟಿನ 1,25,000 ಪೌಂಡನ್ನು ಇದೇ ಲೆಕ್ಕಕ್ಕೆ ತಂದರೆ ಸುಮಾರು 860. ಎರಡೂ ಹತ್ತಿರ ಹತ್ತಿರವೇ. ಆದರೆ 3/16 ಇಂಚಿನ ತೂತಿಗೆ 5 ಮಿಲಿಮೀಟರ್ ಬೋಲ್ಟು ಸರಿಹೊಂದುತ್ತದೆ ಎಂದು ಬೆರೆಸಲು ಹೋಗಬೇಡಿ. ನಕ್ಷೆ ಯಾವ ಮಾನಕದ್ದೋ ಕೊನೆಯವರೆಗೂ ಅದೇ.

ಗ್ರಿಪ್ಪು: ಇಡೀ ವಿಷಯದ ಗಂಟು

ನುಣುಪು ಮೈಯ ಉದ್ದಕ್ಕೆ ಗ್ರಿಪ್ ಎನ್ನುತ್ತಾರೆ. ಅದು ಜೋಡಿಸುವ ಭಾಗಗಳ ಒಟ್ಟು ದಪ್ಪಕ್ಕೆ ಸಮನಾಗಿರಬೇಕು. ಉದಾಹರಣೆಗೆ 1/8 ಇಂಚಿನ ಎರಡು ಪಟ್ಟಿಗಳನ್ನು 3/16 ಬೋಲ್ಟಿನಿಂದ ಸೇರಿಸಬೇಕು. ಒಟ್ಟು ದಪ್ಪ 1/4 ಇಂಚು. ಎಎನ್3-5ಎ ಬೋಲ್ಟಿನ ನಿಜ ಉದ್ದ 21/32, ಗ್ರಿಪ್ 1/4. ಸರಿಯಾಗಿ ಕೂತಿತು. ಗ್ರಿಪ್ಪಿನ ಆಚೆ 13/32 ಇಂಚು ಉಳಿಯಿತು. ಅದರಲ್ಲಿ ಎಎನ್960-10 ವಾಷರಿಗೆ 1/16, ನೈಲಾನ್ ಉಂಗುರದ ನಟ್ಟಿಗೆ ಸುಮಾರು ಕಾಲು ಇಂಚು ಕಳೆಯಿರಿ. ನಟ್ಟಿನ ಹೊರಗೆ ಇನ್ನೂ 3/32 ಇಂಚಿನಷ್ಟು ಚಾಚುತ್ತದೆ. ಈ ಥ್ರೆಡ್ ಇಂಚಿಗೆ 32 ಸುತ್ತಿನದು, ಅಂದರೆ ಹೊರಗೆ ಕಾಣುವುದು ಸುಮಾರು ಮೂರು ಸುತ್ತು. ಕನಿಷ್ಠ ಒಂದು ಪೂರ್ತಿ ಸುತ್ತಾದರೂ ಹೊರಗೆ ಕಾಣಲೇಬೇಕು ಎಂಬುದು ನಿಯಮ.

ಈಗ ಅದೇ ಜಾಗಕ್ಕೆ ಎಎನ್3-6ಎ ಹಾಕಿದರೆ? ಅದರ ಗ್ರಿಪ್ 3/8. ಪಟ್ಟಿಗಳ ಹೊರಗೆ 1/8 ಇಂಚು ನುಣುಪು ಮೈ ಚಾಚುತ್ತದೆ. ಒಂದು ವಾಷರ್ ಹಾಕಿದರೆ ಅದರಲ್ಲಿ ಅರ್ಧ ಮುಚ್ಚುತ್ತದೆ. ನಟ್ಟು ತಿರುಗುತ್ತಾ ಬಂದು ಥ್ರೆಡ್ ಮುಗಿಯುವ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಟಾರ್ಕ್ (ತಿರುಚುವ ಬಲ) ಅಳೆಯುವ ವ್ರೆಂಚು 'ಕ್ಲಿಕ್' ಎನ್ನುತ್ತದೆ. ಕೆಲಸ ಮುಗಿಯಿತೆಂದು ಮುಂದಕ್ಕೆ ಹೋಗುತ್ತೀರಿ. ಆದರೆ ಪಟ್ಟಿಗಳ ನಡುವೆ ಬಿಗಿತವೇ ಇಲ್ಲ. ನಟ್ಟು ಬಿಗಿದದ್ದು ಬೋಲ್ಟಿನ ಮೈಗೆ. ಇದು ತುಂಬ ಮೋಸದ ತಪ್ಪು, ಏಕೆಂದರೆ ಹೊರಗಿನಿಂದ ಎಲ್ಲವೂ ಅಚ್ಚುಕಟ್ಟಾಗಿ ಕಾಣುತ್ತದೆ, ಅಳತೆಯ ಉಪಕರಣವೂ ಸರಿ ಎನ್ನುತ್ತದೆ. ಪತ್ತೆ ಮಾಡಲು ಎರಡು ಸುಳಿವುಗಳಿವೆ. ನಟ್ಟಿನ ಹೊರಗೆ ನಾಲ್ಕೈದು ಸುತ್ತಿಗಿಂತ ಹೆಚ್ಚು ಥ್ರೆಡ್ ಕಂಡರೆ ಅನುಮಾನಿಸಿ. ಬಿಗಿದ ಮೇಲೆ ವಾಷರನ್ನು ಉಗುರಿನಿಂದ ಒತ್ತಿ ತಿರುಗಿಸಿ ನೋಡಿ. ಒಂದು ಕೂದಲೆಳೆಯಷ್ಟು ತಿರುಗಿದರೂ ಬೋಲ್ಟು ಉದ್ದವಾಯಿತು.

ಗ್ರಿಪ್ ತುಸು ಹೆಚ್ಚಾದರೆ ವಾಷರಿನಿಂದ ಸರಿದೂಗಿಸಬಹುದು. ಎಎನ್960-10ರ ದಪ್ಪ 0.063 ಇಂಚು, 'ಎಲ್' ಸೇರಿಸಿದರೆ ಅದರ ಅರ್ಧ, 0.032. ಈ ಎರಡನ್ನೂ ಸಾಕಷ್ಟು ಇಟ್ಟುಕೊಂಡರೆ ಬಹುತೇಕ ಕೀಲುಗಳು ಹೊಂದುತ್ತವೆ. ಮೂರಕ್ಕಿಂತ ಹೆಚ್ಚು ವಾಷರ್ ಬೇಕೆನಿಸಿದರೆ ಬೋಲ್ಟನ್ನೇ ಬದಲಿಸಿ. ಗ್ರಿಪ್ ಕಡಿಮೆ ಬಿದ್ದರೆ ಮಾತ್ರ ಯಾವ ವಾಷರೂ ಕಾಪಾಡದು. ಒಂದು ಅಳತೆ ಉದ್ದನೆಯದು ತನ್ನಿ.

ತೂತಿನ ಮಾತೂ ಇಲ್ಲೇ ಬರಬೇಕು. ಎಎನ್3ಕ್ಕೆ 12ನೇ ನಂಬರಿನ ಡ್ರಿಲ್, 0.189 ಇಂಚು. ಮೊದಲು ಸಣ್ಣ ಡ್ರಿಲ್ಲಿನಿಂದ ದಾರಿ ಮಾಡಿ, ಭಾಗಗಳನ್ನು ಕ್ಲೀಕೋದಿಂದ (ತೂತಿಗೆ ಹಾಕುವ ತಾತ್ಕಾಲಿಕ ಹಿಡಿ) ಹಿಡಿದಿಟ್ಟು, ಕೊನೆಯ ಅಳತೆಗೆ ಒಟ್ಟಿಗೆ ಕೊರೆಯಿರಿ. ರೀಮರ್ ಇದ್ದರೆ ಇನ್ನೂ ಒಳ್ಳೆಯದು. ಬೋಲ್ಟು ಕೈಯ ಒತ್ತಡಕ್ಕೆ ಒಳಗೆ ಹೋಗಬೇಕು, ತಾನಾಗಿ ಜಾರಿ ಬೀಳಬಾರದು. ಸುತ್ತಿಗೆಯಿಂದ ಹೊಡೆದು ಸೇರಿಸುವಂತಿದ್ದರೆ ಎರಡು ಭಾಗಗಳ ತೂತುಗಳು ಒಂದೇ ಗೆರೆಯಲ್ಲಿಲ್ಲ ಎಂದೇ ಅರ್ಥ. ತೂತು ಮೊಟ್ಟೆಯಾಕಾರವಾದರೆ ದಪ್ಪ ವಾಷರ್ ಹಾಕಿ ಮರೆಮಾಡುವುದು ಪರಿಹಾರವಲ್ಲ. ಅಂಚಿನಿಂದ ಸಾಕಷ್ಟು ದೂರ ಉಳಿದಿದ್ದರೆ ಮುಂದಿನ ಅಳತೆಯ ಬೋಲ್ಟಿಗೆ ಹೋಗಬೇಕು, ಇಲ್ಲವಾದರೆ ಭಾಗವನ್ನೇ ಹೊಸದಾಗಿ ಮಾಡಬೇಕು.

ತಿರುಗುವ ಕೀಲು, ತಿರುಗದ ಕೀಲು

ನಟ್ಟುಗಳನ್ನು ಎರಡು ಗುಂಪು ಮಾಡಿಕೊಳ್ಳಿ. ತಾನೇ ಹಿಡಿದುಕೊಳ್ಳುವ ನಟ್ಟುಗಳು ಮೊದಲನೆಯ ಗುಂಪು. ನೈಲಾನ್ ಉಂಗುರವಿರುವ ಎಎನ್365, ಅದರ ತೆಳು ರೂಪ ಎಎನ್364, ಪೂರ್ತಿ ಲೋಹದ ಎಎನ್363 ಇಲ್ಲಿ ಬರುತ್ತವೆ. ನೈಲಾನು 121 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಿಡಿತ ಬಿಡುತ್ತದೆ. ಆದ್ದರಿಂದ ಎಂಜಿನ್ನಿಗೂ ಪೈಲಟ್ ಕೂರುವ ಜಾಗಕ್ಕೂ ನಡುವಿನ ಬೆಂಕಿಗೋಡೆಯ ಮುಂದೆ, ಎಂಜಿನ್ ಕಡೆಗೆ, ಲೋಹದ ನಟ್ಟೇ ಬೇಕು.

ಎರಡನೆಯದು ಕ್ಯಾಸಲ್ ನಟ್ಟು. ತಲೆಯ ಮೇಲೆ ಕೋಟೆಯ ತೆನೆಗಳಂತೆ ಸೀಳುಗಳಿರುವ ಎಎನ್310, ಮತ್ತು ಕತ್ತರಿಸುವ ಹೊರೆಗಷ್ಟೇ ಬಳಸುವ ತೆಳುವಾದ ಎಎನ್320. ಇವಕ್ಕೆ ಕಾಟರ್ ಪಿನ್ ಬೇಕು.

ಯಾವುದನ್ನು ಎಲ್ಲಿ ಹಾಕಬೇಕು? ಕೀಲಿನಲ್ಲಿ ಬೋಲ್ಟೋ ನಟ್ಟೋ ತಿರುಗುವ ಸಂಭವವಿದ್ದರೆ ನೈಲಾನ್ ನಟ್ಟು ನಿಷಿದ್ಧ. ಎಲಿವೇಟರಿನ (ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ) ತಳ್ಳುಗೋಲು, ರಡ್ಡರಿನ (ಮೂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಕೇಬಲ್ ತುದಿ, ಪೆಡಲಿನ ಕೀಲು, ಇಲ್ಲೆಲ್ಲ ಪೈಲಟ್ ಪ್ರತಿ ಬಾರಿ ನಿಯಂತ್ರಣದ ಕಡ್ಡಿಯನ್ನೋ ಪೆಡಲನ್ನೋ ಅಲುಗಿಸಿದಾಗಲೂ ಬೋಲ್ಟಿಗೆ ಒಂದಿಷ್ಟು ತಿರುಚು ತಗಲುತ್ತದೆ. ನೈಲಾನಿನ ಹಿಡಿತ ಘರ್ಷಣೆಯಿಂದ ಬಂದದ್ದು. ಸಾವಿರ ಬಾರಿ ಅಲುಗಿದರೆ ಘರ್ಷಣೆ ಸೋಲುತ್ತದೆ. ಕಾಟರ್ ಪಿನ್ ಘರ್ಷಣೆಯನ್ನು ನಂಬಿದ್ದಲ್ಲ. ಅದು ತುಂಡಾಗದೆ ನಟ್ಟು ಹೊರಬರಲಾರದು.

ಕ್ಲೆವಿಸ್ ಬೋಲ್ಟು ಇದೇ ಜಾಗಕ್ಕೆಂದು ಹುಟ್ಟಿದ್ದು. ಅದರ ತಲೆ ದುಂಡಗೆ, ಸ್ಕ್ರೂ ಡ್ರೈವರಿಗೆ ಸೀಳು ಇರುತ್ತದೆ. ಎಎನ್21ರಿಂದ ಎಎನ್36ರವರೆಗಿನ ನಂಬರುಗಳು ಇವು. ಕತ್ತರಿಸುವ ಹೊರೆಗೆ ಮಾತ್ರ ಬಳಸಬೇಕು, ಎಳೆತಕ್ಕಲ್ಲ. ಕೇಬಲ್ಲಿನ ತುದಿ ಸರಾಗವಾಗಿ ತಿರುಗುವಷ್ಟು ಮಾತ್ರ ನಟ್ಟನ್ನು ಕೂರಿಸಿ ಪಿನ್ ಹಾಕುತ್ತಾರೆ.

ಕಾಟರ್ ಪಿನ್ ಹಾಕುವ ಕ್ರಮವನ್ನು ನಿಧಾನವಾಗಿ ನೋಡೋಣ, ಏಕೆಂದರೆ ಇಲ್ಲಿ ಅವಸರವೇ ಶತ್ರು. ನಟ್ಟನ್ನು ಟಾರ್ಕಿನ ಕೆಳಮಿತಿಗೆ ಬಿಗಿಯಿರಿ. ಸೀಳೂ ತೂತೂ ಎದುರುಬದುರಾಗದಿದ್ದರೆ ಮೇಲ್ಮಿತಿಯವರೆಗೆ ಮೆಲ್ಲಗೆ ಮುಂದಕ್ಕೆ ತಿರುಗಿಸಿ. ಆಗಲೂ ಸಿಗದಿದ್ದರೆ ನಟ್ಟು ಬಿಚ್ಚಿ, ದಪ್ಪ ವಾಷರಿನ ಬದಲು ತೆಳುವನ್ನೋ ತೆಳುವಿನ ಬದಲು ದಪ್ಪವನ್ನೋ ಹಾಕಿ ಮತ್ತೆ ಬಿಗಿಯಿರಿ. ಸೀಳು ಸಿಗಲೆಂದು ನಟ್ಟನ್ನು ಹಿಂದಕ್ಕೆ ಸಡಿಲಿಸುವುದು ಸಲ್ಲದು. ಪಿನ್ನನ್ನು ಹಾಯಿಸಿ ಒಂದು ಕಾಲನ್ನು ಬೋಲ್ಟಿನ ತುದಿಯ ಮೇಲಕ್ಕೆ ಮಡಿಸಿ, ಬೋಲ್ಟಿನ ಅಂಚು ದಾಟದಂತೆ ಕತ್ತರಿಸಿ. ಇನ್ನೊಂದನ್ನು ನಟ್ಟಿನ ಮೈಗುಂಟ ಕೆಳಕ್ಕೆ ಮಡಿಸಿ, ವಾಷರಿಗೆ ತಾಗದಂತೆ ಕತ್ತರಿಸಿ. ಕತ್ತರಿಸುವಾಗ ತುಂಡನ್ನು ಬೆರಳಿನಿಂದ ಮುಚ್ಚಿ ಹಿಡಿಯಿರಿ. ಅದು ಕಣ್ಣಿಗೂ ಹಾರುತ್ತದೆ, ವಿಮಾನದ ಹೊಟ್ಟೆಯೊಳಗೂ ಬೀಳುತ್ತದೆ. ಒಮ್ಮೆ ಬಿಚ್ಚಿದ ಪಿನ್ನನ್ನು ಮತ್ತೆ ಬಳಸುವಂತಿಲ್ಲ.

ನೈಲಾನ್ ನಟ್ಟನ್ನು ಮತ್ತೆ ಬಳಸಬಹುದು, ಆದರೆ ಪರೀಕ್ಷೆ ಉಂಟು: ಬರೀ ಬೆರಳಿನಿಂದ ಪೂರ್ತಿ ತಿರುಗಿಸಲು ಬಂದರೆ ಅದು ಕಸದ ಬುಟ್ಟಿಗೆ.

ಬೋಲ್ಟಿನ ತಲೆ ಯಾವ ಕಡೆ ಇರಬೇಕು? ಬೇರೆ ಅಡ್ಡಿ ಇಲ್ಲದಿದ್ದರೆ ಮೇಲಕ್ಕೆ ಅಥವಾ ಮುಂದಕ್ಕೆ. ನಟ್ಟು ಉದುರಿದರೂ ಬೋಲ್ಟು ತನ್ನ ತೂಕಕ್ಕೋ ಗಾಳಿಯ ಒತ್ತಡಕ್ಕೋ ತೂತಿನಲ್ಲೇ ಉಳಿಯಲಿ ಎಂಬುದು ಲೆಕ್ಕ. ತಳ್ಳುಗೋಲಿನ ತುದಿಯ ರಾಡ್ ಎಂಡ್ ಬೇರಿಂಗಿಗೂ (ಕವಚದೊಳಗೆ ಗುಂಡು ತಿರುಗುವ ಕೀಲು) ಇದೇ ಮಾತು. ಅದರ ಗುಂಡು ಸವೆದು ಹೊರಬಂದರೆ ತಳ್ಳುಗೋಲು ಬೋಲ್ಟಿನಿಂದ ಕಳಚಿ ಜೋತುಬೀಳುತ್ತದೆ. ಬೇರಿಂಗಿನ ಹೊರಬದಿಗೆ ಅದರ ಕವಚಕ್ಕಿಂತ ಅಗಲವಾದ ಎಎನ್970 ವಾಷರ್ ಹಾಕಿದರೆ ಗುಂಡು ಹೋದರೂ ಕವಚ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಒಂದು ವಾಷರು, ಕೆಲವೇ ಗ್ರಾಂ ತೂಕ, ಅದನ್ನು ಬಿಡಬೇಡಿ.

ಟಾರ್ಕು

ಎಎನ್365 ಮತ್ತು ಎಎನ್310 ನಟ್ಟುಗಳಿಗೆ, ಎಣ್ಣೆ ಇಲ್ಲದ ಒಣ ಥ್ರೆಡ್ಡಿನಲ್ಲಿ, ಬಳಕೆಯ ಅಳತೆಗಳು ಇವು. 3/16ಕ್ಕೆ 20ರಿಂದ 25 ಇಂಚು-ಪೌಂಡ್. 1/4ಕ್ಕೆ 50ರಿಂದ 70. 5/16ಕ್ಕೆ 100ರಿಂದ 140. 3/8ಕ್ಕೆ 160ರಿಂದ 190. ತೆಳುವಾದ ಎಎನ್364, ಎಎನ್320 ನಟ್ಟುಗಳಿಗೆ ಇದರ ಸುಮಾರು ಶೇ. 60ರಷ್ಟು: 3/16ಕ್ಕೆ 12ರಿಂದ 15, 1/4ಕ್ಕೆ 30ರಿಂದ 40. ವಿಮಾನದ ವಿನ್ಯಾಸಕರು ಬೇರೆ ಅಂಕಿ ಕೊಟ್ಟಿದ್ದರೆ ಅವರದ್ದೇ ಕೊನೆಯ ಮಾತು.

20 ಇಂಚು-ಪೌಂಡ್ ಎಂದರೆ ಎರಡೂಕಾಲು ನ್ಯೂಟನ್-ಮೀಟರ್. ಗಾಡಿಯ ಕೆಲಸಕ್ಕೆ ಪಳಗಿದ ಕೈಗೆ ಇದು ಬಿಗಿ ಮಾಡಿದಂತೆಯೇ ಅನಿಸುವುದಿಲ್ಲ. ಅದಕ್ಕೇ ಸಣ್ಣ ಬೋಲ್ಟುಗಳು ಅತಿ ಬಿಗಿತದಿಂದಲೇ ಹೆಚ್ಚು ಹಾಳಾಗುತ್ತವೆ. 100ರಿಂದ 150 ಅಡಿ-ಪೌಂಡಿನ ದೊಡ್ಡ ವ್ರೆಂಚಿನಲ್ಲಿ ಈ ಅಳತೆ ಸಿಗದು. ಇಂಚು-ಪೌಂಡಿನ ಸಣ್ಣ ವ್ರೆಂಚೇ ಬೇಕು.

ಮರೆಯುವ ಲೆಕ್ಕ ಒಂದಿದೆ. ನೈಲಾನ್ ನಟ್ಟು ತಿರುಗುವುದಕ್ಕೇ ಒಂದಿಷ್ಟು ಬಲ ತಿನ್ನುತ್ತದೆ. ನಟ್ಟು ವಾಷರಿಗೆ ತಾಗುವ ಮುನ್ನ ವ್ರೆಂಚಿನಲ್ಲಿ ಆ ಬಲ ಅಳೆಯಿರಿ. ಅದು 8 ಬಂದರೆ ಗುರಿ 20ರಿಂದ 25 ಅಲ್ಲ, 28ರಿಂದ 33. ಈ 8ನ್ನು ಸೇರಿಸದಿದ್ದರೆ ಕೀಲಿಗೆ ದಕ್ಕುವ ಬಿಗಿತ ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಎಣ್ಣೆ ಹಚ್ಚಿದರೆ ಉಲ್ಟಾ: ಘರ್ಷಣೆ ತಗ್ಗಿ ಅದೇ ಅಂಕಿಗೆ ಬೋಲ್ಟು ಹೆಚ್ಚು ಎಳೆಯಲ್ಪಡುತ್ತದೆ. ಸಾಧ್ಯವಿದ್ದಲ್ಲೆಲ್ಲ ನಟ್ಟನ್ನೇ ತಿರುಗಿಸಿ, ತಲೆಯನ್ನು ಹಿಡಿದಿಡಿ. ತಲೆಯನ್ನು ತಿರುಗಿಸಿದರೆ ಮೈ ತೂತಿಗೆ ಉಜ್ಜುವ ಬಲವೂ ಲೆಕ್ಕಕ್ಕೆ ಬರುತ್ತದೆ.

ಬಿಗಿದ ತಕ್ಷಣ ನಟ್ಟಿನಿಂದ ಪಟ್ಟಿಯವರೆಗೆ ಟಾರ್ಕ್ ಸೀಲಿನ ಬಣ್ಣದ ಗೆರೆ ಎಳೆಯಿರಿ. ನಟ್ಟು ಅಲುಗಿದರೆ ಒಣಗಿದ ಬಣ್ಣ ಸೀಳುತ್ತದೆ. ಟಾರ್ಚಿನ ಬೆಳಕು ಹಾಯಿಸಿದರೆ ದೂರದಿಂದಲೇ ಕಾಣುತ್ತದೆ. ಗೆರೆ ಇಲ್ಲದ ನಟ್ಟು ಇನ್ನೂ ಬಿಗಿಯದ ನಟ್ಟು ಎಂಬ ಕಟ್ಟುನಿಟ್ಟು ಇಟ್ಟುಕೊಂಡರೆ, ಕೆಲಸದ ನಡುವೆ ಎದ್ದುಹೋಗಿ ಬಂದರೂ ಯಾವುದು ಬಾಕಿ ಎಂಬ ಗೊಂದಲವಿರುವುದಿಲ್ಲ.

ನಟ್ಟೇ ಇಲ್ಲದ ಕಡೆ, ಅಂದರೆ ಪ್ರೊಪೆಲ್ಲರ್ ಬೋಲ್ಟಿನಂಥ ಕಡೆ, ತಲೆಯ ತೂತಿಗೆ ಸೇಫ್ಟಿ ವೈರು. ಸಾಮಾನ್ಯವಾಗಿ 0.032 ಇಂಚಿನ ಸ್ಟೇನ್‌ಲೆಸ್ ತಂತಿ, ಇಂಚಿಗೆ 6ರಿಂದ 8 ಸುತ್ತು. ತಂತಿ ಎಳೆದಾಗ ಬೋಲ್ಟು ಬಿಗಿಯಾಗುವ ದಿಕ್ಕಿಗೆ ತಿರುಗಬೇಕು. ಹಿಂದುಮುಂದಾಗಿ ಕಟ್ಟಿದ ತಂತಿ ಬಿಚ್ಚಲು ಸಹಾಯ ಮಾಡುತ್ತದೆ.

ಸ್ಕ್ರೂಗಳು

ಸ್ಕ್ರೂಗಳಲ್ಲಿ ಹೊರೆ ಹೊರುವವು ಬೇರೆ, ಮುಚ್ಚಳ ಹಿಡಿಯುವವು ಬೇರೆ. ಚಪ್ಪಟೆ ತಲೆಯವುಗಳಲ್ಲಿ ಎಎನ್509, ಅದರ ಹೊಸ ರೂಪ ಎಮ್‌ಎಸ್24694, ಹೊರೆ ಹೊರುವಂಥವು. ಬೋಲ್ಟಿನಂತೆ ಇವಕ್ಕೂ ನುಣುಪು ಮೈ, ಗ್ರಿಪ್ ಇವೆ. ಎಎನ್507, ಅಥವಾ ಎಮ್‌ಎಸ್24693, ನೋಡಲು ಅಣ್ಣತಮ್ಮನಂತಿದ್ದರೂ ಮುಚ್ಚಳಗಳಿಗಷ್ಟೇ. ಅಗಲ ತಲೆಯ ಎಎನ್525 ಹೊರೆಗೂ ಆಗುತ್ತದೆ. ಎರಡೂ ಬಗೆಯನ್ನು ಒಂದೇ ಡಬ್ಬಿಯಲ್ಲಿ ಹಾಕಿಡಬೇಡಿ.

ವಿಮಾನದ ಚಪ್ಪಟೆ ತಲೆಯ ಕೋನ 100 ಡಿಗ್ರಿ. ಅಂಗಡಿಯಲ್ಲಿ ಸಿಗುವ ಇಂಚಿನ ಸ್ಕ್ರೂಗಳದ್ದು 82, ಮಿಲಿಮೀಟರಿನವು 90. ತಲೆ ಮೇಲಿನಿಂದ ಒಂದೇ ತರಹ ಕಾಣುತ್ತದೆ. ಆದರೆ 100 ಡಿಗ್ರಿಯ ಕುಳಿಗೆ 82ರದ್ದನ್ನು ಹಾಕಿದರೆ ತಲೆಯ ಇಳಿಜಾರು ಕುಳಿಗೆ ಹರಡಿ ಕೂರದೆ, ಕೆಳಗಿನ ಅಂಚಿನಲ್ಲಿ ತೆಳು ಉಂಗುರದಷ್ಟು ಮಾತ್ರ ತಾಗುತ್ತದೆ. ಆ ಗೆರೆಯ ಮೇಲೇ ಪೂರ್ತಿ ಒತ್ತಡ ಬಿದ್ದು ತಗಡು ಹಿಂಜುತ್ತದೆ, ಫೈಬರಿನ ಕೌಲಿಂಗ್ (ಎಂಜಿನ್ನಿನ ಹೊರಮುಚ್ಚಳ) ಸೀಳುತ್ತದೆ. ತೆಳು ತಗಡಿನಲ್ಲಿ ಕುಳಿ ಕೊರೆಯಬೇಡಿ, ಅಚ್ಚಿನಿಂದ ಒತ್ತಿ ಡಿಂಪಲ್ ಮಾಡಿ. ಕೊರೆದ ಕುಳಿಯ ಆಳ ತಗಡಿನ ದಪ್ಪಕ್ಕೆ ಸಮನಾದರೆ ತೂತಿನ ಅಂಚು ಚಾಕುವಿನ ಬಾಯಿಯಂತಾಗಿ ಅಲ್ಲಿಂದಲೇ ಬಿರುಕು ಹೊರಡುತ್ತದೆ.

ಹಿಂಬದಿಗೆ ಕೈ ಹೋಗದ ಕಡೆ ತಗಡಿಗೇ ಕೂರಿಸುವ ನಟ್ಟು, ಅಂದರೆ ನಟ್‌ಪ್ಲೇಟು. ತುದಿಯನ್ನು ಹೊಡೆದು ಚಪ್ಪಟೆ ಮಾಡಿ ಕೂರಿಸುವ ಮೊಳೆಯಂಥ ಎರಡು 3/32 ಇಂಚಿನ ರಿವೆಟ್‌ಗಳಿಂದ ಅದನ್ನು ತಗಡಿಗೆ ಕಾಯಂ ಮಾಡುತ್ತಾರೆ. ಒಳಗಿನ ಥ್ರೆಡ್ಡನ್ನು ಬೇಕೆಂದೇ ತುಸು ಅಮುಕಿ ಬಿಗಿ ಮಾಡಿರುತ್ತಾರೆ, ಆದ್ದರಿಂದ ಹೊಸದರಲ್ಲಿ ಸ್ಕ್ರೂ ಕಷ್ಟಪಟ್ಟು ಹೋಗುತ್ತದೆ. ಆಗ ಜೋರು ಮಾಡಿ ಸ್ಕ್ರೂ ತಲೆಯ ಸೀಳು ಕೆಡಿಸುವವರು ಹೆಚ್ಚು. ಮುಚ್ಚಳ ಹಿಡಿಯುವ ಸ್ಕ್ರೂವಿಗೆ ಚೂರು ಮೇಣ ಸವರಿ ಒಂದೆರಡು ಬಾರಿ ಹಾಕಿ ತೆಗೆದರೆ ಸರಾಗವಾಗುತ್ತದೆ. ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಕಿ ಥ್ರೆಡ್ ಸಡಿಲಿಸಿದರೆ ಹಿಡಿತವೇ ಹೋಗುತ್ತದೆ. ಆಮೇಲೆ ಆ ಸ್ಕ್ರೂ ಕಂಪನಕ್ಕೆ ತಾನೇ ಬಿಚ್ಚಿಕೊಳ್ಳುತ್ತದೆ.

ಅಕ್ರಿಲಿಕ್ ಗಾಜಿನ ವಿಂಡ್‌ಶೀಲ್ಡ್ ಬೇರೆಯದೇ ಲೋಕ. ಅಕ್ರಿಲಿಕ್ ಶಾಖಕ್ಕೆ ಅಲ್ಯೂಮಿನಿಯಂನ ಸುಮಾರು ಮೂರು ಪಟ್ಟು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಗಾಜು 30 ಡಿಗ್ರಿ ಬಿಸಿಯಾದರೆ ಎರಡು ಮಿಲಿಮೀಟರ್ ಬೆಳೆಯುತ್ತದೆ, ಅದರಡಿಯ ಲೋಹದ ಚೌಕಟ್ಟು ಮುಕ್ಕಾಲು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಆ ವ್ಯತ್ಯಾಸ ಎಲ್ಲಿಗಾದರೂ ಹೋಗಬೇಕಲ್ಲ? ತೂತು ದೊಡ್ಡದಿದ್ದರೆ ಗಾಜು ಜರುಗುತ್ತದೆ, ಇಲ್ಲದಿದ್ದರೆ ಸ್ಕ್ರೂವಿನ ಪಕ್ಕದಿಂದ ಬಿರುಕು ಬಿಡುತ್ತದೆ. ಹಾಗಾಗಿ ತೂತು ಸ್ಕ್ರೂಗಿಂತ ದೊಡ್ಡದಿರಬೇಕು, ಅಂಚು ನಯವಾಗಿರಬೇಕು, ತಾನೇ ಹಿಡಿದುಕೊಳ್ಳುವ ನಟ್ಟನ್ನು ತಾಗುವವರೆಗೆ ತಿರುಗಿಸಿ ತುಸು ಹಿಂದಕ್ಕೆ ಬಿಡಬೇಕು. ಲೋಹಕ್ಕೆ ಹರಿತ ಮಾಡಿದ ಡ್ರಿಲ್ಲು ಅಕ್ರಿಲಿಕ್ಕನ್ನು ಕಚ್ಚಿ ಎಳೆದು ಒಡೆಯುತ್ತದೆ. ಪ್ಲಾಸ್ಟಿಕ್ಕಿಗೆಂದೇ ಇರುವ ಡ್ರಿಲ್ ಬಳಸಿ.

ರಿವೆಟ್‌ಗಳು

ತಗಡಿನ ವಿಮಾನದಲ್ಲಿ ಬೋಲ್ಟುಗಳು ನೂರಾರು, ರಿವೆಟ್‌ಗಳು ಸಾವಿರಾರು. ಎಎನ್470 ಎಂದರೆ ದುಂಡು ತಲೆ, ಎಎನ್426 ಎಂದರೆ 100 ಡಿಗ್ರಿಯ ಚಪ್ಪಟೆ ತಲೆ. ಎಎನ್470ಎಡಿ4-4ರಲ್ಲಿ 'ಎಡಿ' ಲೋಹ, ಮೊದಲ 4 ದಪ್ಪ, ಇಂಚಿನ 32ನೇ ಭಾಗಗಳಲ್ಲಿ. ಎರಡನೆಯ 4 ಉದ್ದ, 16ನೇ ಭಾಗಗಳಲ್ಲಿ. ಬೋಲ್ಟಿನ ಲೆಕ್ಕದೊಂದಿಗೆ ಇದನ್ನು ಕಲಸಿಕೊಳ್ಳಬೇಡಿ.

'ಎಡಿ' ಲೋಹದ ತಲೆಯ ನಡುವೆ ಸಣ್ಣ ಕುಳಿ ಇರುತ್ತದೆ. ಕುಳಿ ಇಲ್ಲದೆ ನಯವಾಗಿದ್ದರೆ ಅದು 'ಎ', ಶುದ್ಧ ಅಲ್ಯೂಮಿನಿಯಂ, ಬಲ ಸುಮಾರು ಮೂರನೇ ಒಂದು ಪಾಲು. ಹೊಡೆಯಲು ಬೆಣ್ಣೆಯಂತೆ ಸುಲಭ, ಅದೇ ಅಪಾಯ. ಹೊಸ ಪೊಟ್ಟಣ ತೆರೆದಾಗಲೆಲ್ಲ ಬೆಳಕಿಗೆ ಹಿಡಿದು ಕುಳಿ ನೋಡಿ.

ಉದ್ದದ ಲೆಕ್ಕ: ತಗಡುಗಳ ಒಟ್ಟು ದಪ್ಪದ ಮೇಲೆ ರಿವೆಟ್ ದಪ್ಪದ ಒಂದೂವರೆ ಪಟ್ಟು. 0.032 ಇಂಚಿನ ಎರಡು ತಗಡು ಎಂದರೆ 0.064. 1/8 ರಿವೆಟ್ಟಿನ ಒಂದೂವರೆ ಪಟ್ಟು 0.188. ಕೂಡಿದರೆ 0.252, ಅಂದರೆ ಕಾಲು ಇಂಚು, 4/16. ಹೊಡೆದ ಮೇಲೆ ಹಿಂಬದಿಯ ತಲೆ ರಿವೆಟ್ ದಪ್ಪದ ಒಂದೂವರೆ ಪಟ್ಟು ಅಗಲ, ಅರ್ಧ ಪಟ್ಟು ಎತ್ತರ ಇರಬೇಕು: ಇಲ್ಲಿ 3/16 ಅಗಲ, 1/16 ಎತ್ತರ. ತೂತಿನ ನಡುವಿನಿಂದ ತಗಡಿನ ಅಂಚಿಗೆ ಕನಿಷ್ಠ ಎರಡು ಪಟ್ಟು ದೂರ. ಚಪ್ಪಟೆ ತಲೆಗೆ ಎರಡೂವರೆ ಇಟ್ಟುಕೊಂಡರೆ ಒಳ್ಳೆಯದು. 3/32 ರಿವೆಟ್ಟಿಗೆ 40ನೇ ನಂಬರಿನ ಡ್ರಿಲ್, 1/8ಕ್ಕೆ 30ನೇ ನಂಬರು. ಕ್ಲೀಕೋಗಳ ಬಣ್ಣವೂ ಇದನ್ನೇ ಹೇಳುತ್ತದೆ: ಬೆಳ್ಳಿಯದು 3/32, ತಾಮ್ರದ್ದು 1/8, ಕಪ್ಪು 5/32.

ಕೊರೆದ ತೂತಿನ ಅಂಚಿನ ಮುಳ್ಳನ್ನು ಎರಡೂ ಬದಿ ತೆಗೆಯದಿದ್ದರೆ ತಗಡುಗಳ ನಡುವೆ ಸಂದು ಉಳಿಯುತ್ತದೆ. ರಿವೆಟ್ ಹಿಗ್ಗುವಾಗ ಆ ಸಂದಿನೊಳಗೂ ಹಿಗ್ಗಿ ತಗಡುಗಳನ್ನು ಶಾಶ್ವತವಾಗಿ ದೂರ ಇಡುತ್ತದೆ. ಇದು ಹೊರಗೆ ಕಾಣದು, ರಿಪೇರಿಯೂ ಸುಲಭವಲ್ಲ.

ಒಂದು ಬದಿಯಿಂದ ಎಳೆಯುವ ರಿವೆಟ್‌ಗಳೂ ಇವೆ. ಅವುಗಳ ಬಲ ಬಹುಮಟ್ಟಿಗೆ ನಡುವಿನ ಕಡ್ಡಿ ಒಳಗೆ ಉಳಿಯುತ್ತದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಚೆರ್ರಿಮ್ಯಾಕ್ಸ್ ಬಗೆಯಲ್ಲಿ ಕಡ್ಡಿಯನ್ನು ಒಂದು ಉಂಗುರ ಕಚ್ಚಿಹಿಡಿಯುತ್ತದೆ. ಹಾರ್ಡ್‌ವೇರ್ ಅಂಗಡಿಯ ಪಾಪ್ ರಿವೆಟ್ಟಿನಲ್ಲಿ ಕಡ್ಡಿಯ ತುಂಡು ಕಾಲಕ್ರಮದಲ್ಲಿ ಉದುರಿ, ಉಳಿಯುವುದು ಟೊಳ್ಳು ಕೊಳವೆ. ನಕ್ಷೆ ಹೆಸರಿಸಿದ ರಿವೆಟ್ ಬಿಟ್ಟು ಬೇರೆಯದನ್ನು ಹಾಕಬೇಡಿ.

ಲೋಹ, ಮರ, ಕಾರ್ಬನ್

ಎಎನ್ ಬೋಲ್ಟಿನ ಮೇಲಿನ ಕ್ಯಾಡ್ಮಿಯಂ ಲೇಪ ಉಕ್ಕಿಗೂ ಅಲ್ಯೂಮಿನಿಯಂಗೂ ನಡುವೆ ನಿಂತು, ತಾನು ಸವೆದು ಎರಡನ್ನೂ ಕಾಯುತ್ತದೆ. ಅದನ್ನು ಉಜ್ಜಿ ತೆಗೆಯಬೇಡಿ. ಕ್ಯಾಡ್ಮಿಯಂ ಪುಡಿ, ಹೊಗೆ ಎರಡೂ ವಿಷ, ಅಂಥ ಬೋಲ್ಟಿನ ಹತ್ತಿರ ವೆಲ್ಡಿಂಗೂ ಕೂಡದು. ಕಾರ್ಬನ್ ಫೈಬರಿಗೆ ಅಲ್ಯೂಮಿನಿಯಂ ರಿವೆಟ್ ತಾಗಿದರೆ ತೇವಾಂಶದಲ್ಲಿ ರಿವೆಟ್ ಬಿಳಿ ಪುಡಿಯಾಗುತ್ತದೆ. ಅಲ್ಲಿ ಟೈಟಾನಿಯಂ ಅಥವಾ ಸ್ಟೇನ್‌ಲೆಸ್ ಬೇಕು.

ಮರದಲ್ಲಿ ಟಾರ್ಕಿನ ಪಟ್ಟಿ ನಡೆಯದು. ಉಕ್ಕಿಗೆ ಕೊಟ್ಟ ಬಿಗಿತಕ್ಕೆ ಮರ ಅಮುಕಿಹೋಗುತ್ತದೆ. ಒತ್ತಡ ಹರಡಲು ಅಗಲ ವಾಷರ್ ಬೇಕು. ಎಎನ್970-3ರ ಅಗಲ 7/8 ಇಂಚು. ಕೊರೆದ ತೂತಿನ ಒಳಮೈಗೆ ವಾರ್ನಿಷ್ ಅಥವಾ ಎಪಾಕ್ಸಿ ಹಚ್ಚಿ ತೇವಾಂಶಕ್ಕೆ ಬಾಗಿಲು ಮುಚ್ಚಿ. ಋತು ಬದಲಾದಾಗ ಮರ ಒಣಗಿ ಕುಗ್ಗುತ್ತದೆ, ಬೋಲ್ಟು ಸಡಿಲವಾಗುತ್ತದೆ, ಆದ್ದರಿಂದ ಮರದ ರೆಕ್ಕೆಯ ಬೋಲ್ಟುಗಳನ್ನು ಆಗಾಗ ನೋಡುತ್ತಿರಬೇಕು.

ಹಾರಾಟ ಶುರುವಾದ ಮೇಲೆ

ಮೊದಲ ಕೆಲವು ಗಂಟೆಗಳ ಹಾರಾಟದಲ್ಲಿ ಬಣ್ಣ ಮತ್ತು ಪ್ರೈಮರಿನ ಪದರಗಳು ಅಮುಕಿ ಕೂರುತ್ತವೆ. ಅಷ್ಟರಿಂದಲೇ ಬಿಗಿತ ಇಳಿಯಬಹುದು. ಎಂಜಿನ್ ಮೌಂಟ್, ಪ್ರೊಪೆಲ್ಲರ್, ಚಕ್ರದ ಕಾಲುಗಳ ಬೋಲ್ಟುಗಳನ್ನು ಆಗ ಮತ್ತೊಮ್ಮೆ ಟಾರ್ಕ್ ಮಾಡಿ, ಸೀಲಿನ ಹಳೆಯ ಗೆರೆ ಒರೆಸಿ ಹೊಸದು ಎಳೆಯಿರಿ.

ರಿವೆಟ್‌ಗಳಿಗೆ ಗೆರೆ ಎಳೆಯಲಾಗದು, ಆದರೆ ಅವು ತಾವೇ ಎಳೆದುಕೊಳ್ಳುತ್ತವೆ. ರಿವೆಟ್ಟಿನ ತಲೆಯಿಂದ ಗಾಳಿ ಹರಿಯುವ ದಿಕ್ಕಿಗೆ ಹೊಗೆ ತಾಗಿದಂತೆ ಬೂದು ಕಪ್ಪು ಗೀಟು ಕಂಡರೆ, ಆ ರಿವೆಟ್ ತೂತಿನಲ್ಲಿ ಅಲುಗುತ್ತಿದೆ. ಗೀಟು ಉಜ್ಜಿ ಬಂದ ಅಲ್ಯೂಮಿನಿಯಂ ಪುಡಿಯದು. ಬಟ್ಟೆಯಿಂದ ಒರೆಸಿ, ಇನ್ನೊಂದು ಹಾರಾಟದ ನಂತರ ನೋಡಿ. ಮತ್ತೆ ಬಂದಿದ್ದರೆ ತಲೆಯ ನಡುವಿಗೆ ಅದೇ ಅಳತೆಯ ಡ್ರಿಲ್ ಇಟ್ಟು, ತಲೆಯ ಆಳಕ್ಕಷ್ಟೇ ಕೊರೆದು, ಪಂಚಿನಿಂದ ತಲೆ ಮುರಿದು, ಹಿಂಬದಿಗೆ ಆಸರೆ ಕೊಟ್ಟು ಕಾಂಡವನ್ನು ಹೊರದೂಡಿ. ತೂತು ಇನ್ನೂ ಗುಂಡಗೆ, ಅಳತೆಗೆ ಇದ್ದರೆ ಅದೇ ರಿವೆಟ್. ಅಗಲವಾಗಿದ್ದರೆ ಅಂಚಿನ ದೂರ ಅಳೆದು, ಮುಂದಿನ ಅಳತೆಯ ರಿವೆಟ್. ಅಕ್ಕಪಕ್ಕದ ನಾಲ್ಕನ್ನೂ ಬೆರಳಿನಿಂದ ಒತ್ತಿ ನೋಡಿ. ಒಂದು ಸಡಿಲವಾದಾಗ ಅದರ ಹೊರೆ ಹೋಗಿ ಬಿದ್ದಿರುವುದು ಅವುಗಳ ಮೇಲೆ.